ಎರಡು ಎಕರೆ ನಲವತ್ತು

ದೋಟಿಯ ಬಾಯಿ ನನ್ನ ಕುತ್ತಿಗೆಗೆ ತಾಗಿ ನಿಂತಿತ್ತು!

ದೋಟಿ ಗೊತ್ತಲ್ಲ ನಿಮಗೆ? ಉದ್ದ ಗಳುವಿನ ತುದಿಗೆ ಕುಡುಗೋಲು. ಕುರಿಗೆ ಸೊಪ್ಪು ಕೊಯ್ಯುವುದಕ್ಕೆ. ನನ್ನ ಕುತ್ತಿಗೆ ಸೊಪ್ಪಿಗಿಂತ ಗಟ್ಟಿ ಏನಲ್ಲ...

"ಅಲ್ಲಾಡಿದ್ರೆ ಕೊಯ್ತೀನಿ ಕಣೋ!"

ಗಳು ಚಿನ್ನಕ್ಕನ ಕೈಯಲ್ಲಿ. ಅವಳ ಹಿಂದೆ ಅವಳ ಕುರಿರೊಪ್ಪ. ಎದೆಮಟ್ಟದ ಕಲ್ಲುಗೋಡೆ, ಒಳಗೆ ತಾಯಿಕುರಿಗಳು, ಎಳೇ ಮರಿಗಳು. ಆಚೆಯಿಂದ ನಮ್ಮ ಜೆಸಿಬಿ ಗುರುಗುಡುತ್ತ ಬರುತ್ತಿತ್ತು.

"ಸಮಾಧಾನ ಮಾಡ್ಕೊಳ್ರಿ ಅಕ್ಕಾ. ನರಸಿಂಹಪ್ಪ ಈ ಜಾಗಾನ ನಮ್ಮ ಸೋಲಾರ್ ಕಂಪೆನಿಗೆ ಬರಕೊಟ್ಟಾರ್ರಿ."

"ಏನ್ ರೀ ರೀ ಅಂತೀಯೋ? ರಾಯದುರ್ಗದೋನಾ? ಮರ್ವಾದೆ ಬಾಯಾಗೆ, ಜೆಸಿಬಿ ಬೆನ್ನಾಗೆ! ನರಸಿಂಹಪ್ಪಂದು ಎರಡು ಎಕರೆ ನಲವತ್ತು. ಆ ಬೇವಿನ ಮರಕ್ಕೇ ಮುಗೀತು. ಈಚೆ ನಂದು!"

"ಅಗ್ರಿಮೆಂಟಿನ್ಯಾಗ ಮೂರು ಎಕರೆ ಐತ್ರಿ..."

ಅಂದವನು ಅರ್ಧಕ್ಕೇ ಬಾಯಿ ಮುಚ್ಚಿದೆ.

ಎರಡು ನಲವತ್ತು... ಮೂರು...

ಥತ್!

ಇಲ್ಲಿ ಆಂಧ್ರದಲ್ಲಿ ಎಕರೆಗೆ ನೂರು ಸೆಂಟು. ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಎಕರೆಗೆ ನಲವತ್ತು ಗುಂಟೆ. ಬೆಂಗಳೂರಿನ ನಮ್ಮ ಲೀಗಲ್ ಡಿಪಾರ್ಟ್‌ಮೆಂಟು ಪಾವಗಡದ ಅಗ್ರಿಮೆಂಟನ್ನೇ ಕಾಪಿ ಮಾಡಿ ಮಡಕಶಿರದ ಪಕ್ಕದ ಈ ಗುಡಿಬಂಡೆಗೂ ಕಳಿಸಿತ್ತು. ನಲವತ್ತು ಸೆಂಟನ್ನು ಯಾರೋ ನಲವತ್ತು ಗುಂಟೆ ಎಂದುಕೊಂಡಿದ್ದರು. ಅಂದರೆ ಇನ್ನೊಂದು ಎಕರೆ! ಒಟ್ಟು ಮೂರು!

ನರಸಿಂಹಪ್ಪನಿಗೆ ಇಂಗ್ಲಿಷ್ ಬಾರದು. ಓದದೆ ಸಹಿ ಹಾಕಿದ್ದ.

ನನಗೆ ಬರುತ್ತದೆ. ನಾನೂ ಓದಿರಲಿಲ್ಲ.

ನನ್ನ ಒಪ್ಪಿಗೆಗೆ ರಾಶಿ ಅಗ್ರಿಮೆಂಟುಗಳು ಬಾಕಿ ಇದ್ದವು. ಮಡಕಶಿರ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ, ಫೋನಿನಲ್ಲಿ ಒಂದೊಂದಕ್ಕೂ 'ಅಪ್ರೂವ್' ಒತ್ತುತ್ತ ಹೋಗಿದ್ದೆ...

"ಕದರಪ್ಪಾ! ನಿಲ್ಸೋ!"

ಜೆಸಿಬಿಯವನಿಗೆ ಕೇಳಿಸಲಿಲ್ಲ.

ಬಗ್ಗಿದೆ. ಕುಡುಗೋಲು ಕಿವಿ ಸವರಿತು. ಓಡಿದೆ. ಜೆಸಿಬಿಯ ಬಕೆಟ್ಟು ರೊಪ್ಪದ ಗೋಡೆಗೆ ಬಡಿಯಿತು. ಕಲ್ಲು ಉರುಳಿದವು. ಕುರಿಗಳು ದಿಕ್ಕಾಪಾಲು! ಜೆಸಿಬಿಯ ಮೆಟ್ಟಿಲಿಗೆ ಜಿಗಿದು ಕೀ ಕಿತ್ತುಕೊಂಡೆ.

ತಡವಾಗಿತ್ತು.

ಚಿನ್ನಕ್ಕ ಕಲ್ಲು ಸರಿಸಿ ಒಂದು ಮರಿಯನ್ನು ಎತ್ತಿಕೊಂಡಳು. ಅದರ ಕತ್ತು ಜೋಲುತ್ತಿತ್ತು. ಅಲ್ಲೇ ಕೂತು ಅದನ್ನು ಮಡಿಲಿಗೆ ಹಾಕಿಕೊಂಡಳು.

ಫೋನು ಹೊಡೆದುಕೊಂಡಿತು. ಲೀಗಲ್ ಹೆಡ್ಡು, ತ್ರಿವೇಣಿ ಮೇಡಂ.

"ಉಮಾಮಹೇಶ್ವರ್, ಕ್ಲಿಯರ್ ಆಯ್ತಾ?"

"ಇಲ್ರಿ ಮೇಡಂ. ಅದು ಗುಂಟೆ ಅಲ್ರಿ, ಸೆಂಟು. ಬ್ಯಾರೆಯವರ ಜಾಗಕ್ಕ ನುಗ್ಗೀವಿ."

ಮೇಡಂ ದನಿ ತಗ್ಗಿಸಿದರು.

"ಸೈನ್ ಆಗಿರೋದು ಮೂರು ಎಕರೆಗೆ. ಇವತ್ತು ಮುಗಿಸಿ. ತಿದ್ದುಪಡಿ ಆಮೇಲೆ ನೋಡೋಣ."

"ಆಗಂಗಿಲ್ರಿ."

"ಅಪ್ರೂವ್ ಮಾಡಿದ್ದು ನೀವು! ಕೆಲಸ ಹೋಗುತ್ತೆ, ಗೊತ್ತಲ್ಲ?"

"ಹೋಗ್ಲಿ ಬಿಡ್ರಿ."

ಫೋನಿಟ್ಟು, ಜೆಸಿಬಿ ಕೀಯನ್ನು ಚಿನ್ನಕ್ಕನ ಮುಂದೆ ಹಿಡಿದೆ. "ನಿಮ್ಮ ಹತ್ರಾನ ಇರ್ಲಿ ಅಕ್ಕಾ. ಇನ್ನ ಯಾರೂ ಬರಂಗಿಲ್ಲ."

ಅವಳು ಕೀ ನೋಡಿದಳು. ಮಡಿಲಲ್ಲಿದ್ದ ಮರಿಯನ್ನು ನೋಡಿದಳು.

"ಇದ್ನ ತಿರುವಿದ್ರೆ ಮರಿ ಎದ್ದೇಳ್ತೈತೇನಪ್ಪಾ?"

ಕಿವಿಯ ರಕ್ತ ಒರೆಸಿಕೊಂಡೆ.

ಕೆಲಸ ನಿಲ್ಲಿಸಿದರೆ ಕಂಪೆನಿ ಆ್ಯಪಿನಲ್ಲಿ ಕಾರಣ ತುಂಬಬೇಕು. ತೆರೆದೆ. ಮಳೆ. ಯಂತ್ರ ದೋಷ. ಸ್ಥಳೀಯರ ಗಲಾಟೆ. ಇತರೆ.

'ಓದದೆ ಒತ್ತಿದೆ' ಎನ್ನುವುದು ಅದರಲ್ಲಿ ಇರಲೇ ಇಲ್ಲ.

'ಇತರೆ' ಒತ್ತಿದೆ!