ಪುಸ್ತಕಕ್ಕೆ ಬಿದ್ದ ಬರೆ

ಮಂಗಳವಾರ ಬೆಳಿಗ್ಗೆ ಪುಎಬ್ಲಾ ನಗರದ ಠಾಣೆಗೆ ದೂರಿಗಿಂತ ಮೊದಲು ಜಗಳ ಬಂತು. ಮೂರು ಗ್ರಂಥಾಲಯಗಳು ಸೇರಿ ಅಪರೂಪದ ಪುಸ್ತಕಗಳನ್ನು ಒಂದೇ ಭದ್ರಕೋಣೆಯಲ್ಲಿ ಕಾಪಾಡುತ್ತಿದ್ದವು. ಅಲ್ಲಿಂದ, ಆ ನಾಡಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯ ಹಳೆಯ ಪ್ರಾರ್ಥನೆ ಪುಸ್ತಕ ಕಳುವಾಗಿತ್ತು; ಉಳಿದಿದ್ದೇ ಅದೊಂದು ಪ್ರತಿ. ದೂರಿಗೆ ಯಾರು ಮೊದಲು ಸಹಿ ಹಾಕಬೇಕೆಂದು ಮೂವರು ನಿರ್ದೇಶಕರು ಕಚ್ಚಾಡುತ್ತಿದ್ದರು. ಮೂವರೂ ಒಪ್ಪಿದ್ದು ಒಂದೇ ಮಾತನ್ನು: ಕದ್ದವನು ಕಾವಲುಗಾರ ಇನೊಸೆನ್ಸಿಯೊ.

ಇನ್ಸ್‌ಪೆಕ್ಟರ್ ಒಬ್ದೂಲಿಯಾ ಎಫ್‌ಐಆರ್ ಬರೆಸಿದಳು.

"ಪುಸ್ತಕದಲ್ಲಿ ಏನಿತ್ತು ಸರ್?"

"ಓದೋಕಲ್ಲ ಮೇಡಂ, ಕಾಪಾಡೋಕೆ ಇಟ್ಟಿದ್ವಿ," ಅಂದ ಮೂವರಲ್ಲೊಬ್ಬನಾದ ನಿರ್ದೇಶಕ ಡಾ. ಅರಿಸ್ಮೆಂದಿ.

"ಚೆನ್ನಾಗಿ ಕಾಪಾಡಿದ್ರಿ. ಗುರುತೇನಾದ್ರೂ?"

"ಏನೂ ಇಲ್ಲ. ಅಂಚಿಗೆ ಬರೆ ಕೂಡ ಹಾಕಿರ್ಲಿಲ್ಲ."

ಹಿಂದೆ ಮಠಗಳವರು ಕಬ್ಬಿಣದ ಮುದ್ರೆ ಕಾಯಿಸಿ ಪುಸ್ತಕದ ಅಂಚಿಗೆ ಬರೆ ಹಾಕುತ್ತಿದ್ದರು. ಬರೆ ಯಾರದೋ ಪುಸ್ತಕ ಅವರದು.

ಭದ್ರಕೋಣೆಯ ಬೀಗ ಮುರಿದಿರಲಿಲ್ಲ. ಪಂಚನಾಮೆ ಮುಗಿಸಿ ಒಬ್ದೂಲಿಯಾ, ಕಾವಲುಗಾರನನ್ನು ಹಿಡಿದು ತಂದು ಕೂಡಿಹಾಕಿದ್ದ ಲಾಕಪ್‌ಗೆ ಹೋದಳು.

"ಕೀಲಿ ನಾಲ್ಕಿದಾವೆ ಮೇಡಂ," ಅಂದ ಇನೊಸೆನ್ಸಿಯೊ. "ಆ ಮೂವರ ಹತ್ರ ಒಂದೊಂದು, ನನ್ನ ಹತ್ರ ಒಂದು. ಒಳಗಿರೋನು ನಾನೊಬ್ನೇ."

"ಮನೇಲಿ?"

"ಶನಿವಾರ ಮಗಳ ಮದುವೆ. ಗಂಡಿನ ಕಡೆಯೋರಿಗೆ ಇನ್ನೂ ಸುದ್ದಿ ಹೋಗಿಲ್ಲ."

ಗುರುವಾರ ಅರಿಸ್ಮೆಂದಿಯೇ ಫೋನ್ ಮಾಡಿದ. ಅವನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿ ಸಿಕ್ಕಿತ್ತಂತೆ. ಒಬ್ದೂಲಿಯಾ ಪೇದೆ ತೆಪೋಶ್‌ನನ್ನು ಕರೆದುಕೊಂಡು ಹೋದಳು. ಮದುವೆಮನೆಯ ಯಜಮಾನನಂತೆ ಅರಿಸ್ಮೆಂದಿ ಇಬ್ಬರಿಗೂ ಗೆಣಸಿನ ಮಿಠಾಯಿ ಕೊಟ್ಟ.

"ನೋಡಿ, ನಮ್ಮ ಬರೆ. ಇನ್ನೂರು ವರ್ಷದ್ದು. ಇನ್ಮೇಲೆ ಇದೊಂದೇ ಪ್ರತಿ, ನಮ್ಮದು."

ಒಬ್ದೂಲಿಯಾ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದಳು. ಬೆರಳು ಕಪ್ಪಾಯಿತು.

"ಇನ್ನೂರು ವರ್ಷದ ಮಸಿ ಇವತ್ತು ಕೈಗೆ ಹತ್ತುತ್ತಾ ಡಾಕ್ಟ್ರೇ?"

ತೆಪೋಶ್ ಗೋಡೆಯತ್ತ ನೋಡಿದ. ಅಲಂಕಾರಕ್ಕೆ ತೂಗುಹಾಕಿದ್ದ ಹಳೆಯ ಮುದ್ರೆಗಳಿಗೆಲ್ಲ ಧೂಳು ಮೆತ್ತಿತ್ತು. ನಡುವಿನದೊಂದು ಮಾತ್ರ ತೊಳೆದಿಟ್ಟ ಸೌಟಿನಂತೆ ಹೊಳೆಯುತ್ತಿತ್ತು.

ಒಬ್ದೂಲಿಯಾ ಪುಸ್ತಕ ಬಿಡಿಸಿದಳು. ಕಳುವಾದ ಪ್ರತಿಗೇ ಹೊಸದಾಗಿ ಹಾಕಿದ್ದ ಬರೆ ಒಳಗಿನವರೆಗೂ ಇಳಿದು ಸಾಲುಗಳ ಕೊನೆಯ ಅಕ್ಷರಗಳನ್ನು ಸುಟ್ಟಿತ್ತು. ಕಾಪಾಡುವ ಕೆಲಸಕ್ಕೆ ಸಂಬಳ ತಿನ್ನುವವನು! ಅವಳಿಗೆ ಬಾಯಲ್ಲಿದ್ದ ಮಿಠಾಯಿಯೂ ಅಸಹ್ಯವಾಯಿತು. ಪುಸ್ತಕವನ್ನೂ ಮುದ್ರೆಯನ್ನೂ ಜಪ್ತಿ ಮಾಡಿ ಅವನನ್ನು ಬಂಧಿಸಿದಳು.

"ಯಾಕೆ ಹೀಗೆ ಮಾಡಿದ್ರಿ?"

ಅರಿಸ್ಮೆಂದಿ ತಲೆ ತಗ್ಗಿಸಿದ. "ಈ ಪುಸ್ತಕದ ಪ್ರದರ್ಶನಕ್ಕೆ ಮಾಡಿಸಿದ ಫಲಕದಲ್ಲಿ ನಮ್ಮ ಗ್ರಂಥಾಲಯದ ಹೆಸರು ಮೂರನೇದು. ಅದೂ ಸಣ್ಣಕ್ಷರದಲ್ಲಿ."

ಶುಕ್ರವಾರ ಇನೊಸೆನ್ಸಿಯೊ ಬಿಡುಗಡೆಯಾದ. ಉಳಿದ ಇಬ್ಬರು ನಿರ್ದೇಶಕರು ಠಾಣೆಯ ಬಾಗಿಲಲ್ಲೇ ಕಾಯುತ್ತಿದ್ದರು. ಅವನ ಮುಖವನ್ನು ಇಬ್ಬರೂ ನೋಡಲಿಲ್ಲ.

"ಮೇಡಂ, ಫಲಕದಲ್ಲಿ ಈಗ ಯಾರ ಹೆಸರು ಮೊದಲು ಬರ್ಬೇಕು?"

ಒಬ್ದೂಲಿಯಾ ಇನೊಸೆನ್ಸಿಯೊನತ್ತ ತಿರುಗಿದಳು. "ಇವರನ್ನ ಮದುವೆಮನೆಗೆ ಬಿಟ್ಟು ಬಾ," ಎಂದು ತೆಪೋಶ್‌ಗೆ ಹೇಳಿದಳು. ಇನೊಸೆನ್ಸಿಯೊ, ಹಿಡಿದು ತಂದಾಗ ಕೂತಿದ್ದಂತೆಯೇ, ಜೀಪಿನ ಹಿಂದೆ ಹತ್ತಲು ಹೋದ. ಅವಳು ಅವನ ತೋಳು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದಳು.