ಆಫೀಸಿಗೊಂದು ತುರುಬು

"ನಿಮ್ಮಕ್ಕ ಇವತ್ತು ಬರ್ಲಿಲ್ವಾ?"

ರೇಷ್ಮೆ ಮೊಟ್ಟೆ ಕೇಂದ್ರದ ಗೇಟಿನ ಬಳಿ ಗೂಡಿನ ಬುಟ್ಟಿಗಳನ್ನು ಇಳಿಸಿಕೊಂಡು ನಿಂತಿದ್ದವನು ಹೀಗೆ ಕೇಳಿದಾಗ ಗಂಗಲಕ್ಷ್ಮಮ್ಮನಿಗೆ ಏನೂ ಅರ್ಥವಾಗಲಿಲ್ಲ. ಸಮೇತನಹಳ್ಳಿ ಕಡೆಯಿಂದ ಹೊಸಕೋಟೆಗೆ ಬರುವ ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುವ ಬಸ್ಸು ಅಂದೂ ದಿಬ್ಬ ಹತ್ತಲಾರದೆ ನಿಂತಿತ್ತು. ಗಂಡಸರು ತಳ್ಳಿ, ಹೆಂಗಸರು ಅದರ ಹಿಂದೆ ನಡೆದು, ಅವಳು ಆಫೀಸು ಸೇರುವಷ್ಟರಲ್ಲಿ ಸೀರೆಯ ಅಂಚೆಲ್ಲ ಮಸಿಯಾಗಿತ್ತು. ದಿನ ಇನ್ನೂ ಶುರುವಾಗಿರಲಿಲ್ಲ, ಅವಳಾಗಲೇ ದಣಿದಿದ್ದಳು.

"ಯಾವ ಅಕ್ಕ?"

"ಅದೇ, ಒಳಗೆ ಮೈಕ್ರೋಸ್ಕೋಪ್ ಮುಂದೆ ಕೂತಿರ್ತಾರಲ್ಲ, ದೊಡ್ಡ ತುರುಬಿನೋರು. ನೀವು ಅವರನ್ನೇ ಹೋಲ್ತೀರಿ."

ಈಗ ಅರ್ಥವಾಯಿತು. ಈತ ಹೊಸ ಇನ್ಸ್‌ಪೆಕ್ಟರು, ಗೋಪಾಲಪ್ಪ. ಹಿಂದೆ ಬಂದಾಗಲೆಲ್ಲ ಅವಳನ್ನು ಕಂಡದ್ದು ಬಿಳಿ ಏಪ್ರನ್ನಿನಲ್ಲಿ, ತುರುಬಿನಲ್ಲಿ. ಇವತ್ತು ಬೆನ್ನ ಮೇಲೆ ಉದ್ದ ಜಡೆ ಇಳಿದಿತ್ತು. ತುರುಬು ಕಂಡರೆ ಮದುವೆಯಾದವಳು, ಜಡೆ ಕಂಡರೆ ಮದುವೆಗಿರುವವಳು ಎಂದು ಓದಿಕೊಳ್ಳುವುದಕ್ಕೆ ಈ ಸೀಮೆಯಲ್ಲಿ ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ಈತನೂ ಹಾಗೇ ಓದಿಕೊಂಡು, ಒಬ್ಬಳನ್ನು ಇಬ್ಬರು ಮಾಡಿದ್ದ.

ನಿಜ ಹೇಳಲು ಬಹಳ ಮಾತು ಬೇಕಾಗಿತ್ತು. ಅವಳ ತುಟಿಯ ಒಂದು ಕೊನೆ ಮಾತ್ರ ತಾನಾಗಿ ಮೇಲೆದ್ದಿತು.

"ಅಕ್ಕ ಒಳಗಿದ್ದಾರೆ. ಕಳಿಸ್ತೀನಿ ಇರಿ."

ಉಗ್ರಾಣದ ಕೋಣೆಗೆ ಹೋಗಿ ಜಡೆಯನ್ನು ಸುತ್ತಿ ತುರುಬು ಕಟ್ಟಿ, ಏಪ್ರನ್ ತೊಟ್ಟು ಹೊರಗೆ ಬಂದಳು. "ಕರೆದ್ರಂತೆ?"

"ಹೂಂ. ನಿಮ್ ತಂಗಿ ಸಿಕ್ಕಿದ್ರು ಗೇಟಲ್ಲಿ," ಎಂದ ಗೋಪಾಲಪ್ಪ, ದನಿ ತಗ್ಗಿಸಿ. "ಸ್ವಲ್ಪ ಸಿಡುಕು ಅಲ್ವಾ ಅವರು?"

"ಬೆಳಗ್ಗೆ ಹೊತ್ತು ಹಾಗೇ ಅವಳು."

ಕಿಟಕಿಯ ಒಳಗಿಂದ ಸೂಪರಿಂಟೆಂಡೆಂಟ್ ಮುನಿರಾಮಯ್ಯನವರ ನಗು ಸಿಡಿಯಿತು. "ರೀ ಗೋಪಾಲಪ್ಪ! ಅಕ್ಕನೂ ಅವರೇ, ತಂಗಿನೂ ಅವರೇ ಕಣ್ರೀ!"

ಗೋಪಾಲಪ್ಪನ ಕಿವಿ ತುದಿಯಿಂದ ಬುಡದವರೆಗೆ ಕೆಂಪಾದದ್ದನ್ನು ಗಂಗಲಕ್ಷ್ಮಮ್ಮ ನಿಂತು ನೋಡಿದಳು. ಬುಟ್ಟಿ ಎತ್ತಿಕೊಳ್ಳಲು ಬಗ್ಗಿದವನು ತಲೆ ಎತ್ತದೆಯೇ ಕೇಳಿದ: "ಹಾಗಾದ್ರೆ... ಮದುವೆ?"

"ಆಗಿಲ್ಲ. ತುರುಬು ಆಫೀಸಿಗೆ."

ಬಗ್ಗಿದ್ದ ಮುಖದಲ್ಲಿ ಏನಾಯಿತೋ ಅವಳಿಗೆ ಕಾಣಲಿಲ್ಲ. ಬುಟ್ಟಿಯಂತೂ ಎತ್ತಿದಲ್ಲಿಗೇ ಮರಳಿ ಇಳಿಯಿತು.

*

ಯುದ್ಧಕ್ಕೆ ಪ್ಯಾರಾಚೂಟು ಬೇಕಾಗಿತ್ತು, ಪ್ಯಾರಾಚೂಟಿಗೆ ರೇಷ್ಮೆ. ಹೀಗಾಗಿ ಕೇಂದ್ರದಲ್ಲಿ ಕೆಲಸ ಮುಗಿಯುವುದೆಂದೇ ಇರಲಿಲ್ಲ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಗಾಜಿನ ಸ್ಲೈಡಿಗೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ಗಂಟುರೋಗದ ಕಣಗಳಿವೆಯೇ ಎಂದು ನೋಡಬೇಕು. ಅಕ್ಕಿಕಾಳಿನ ಆಕಾರದ ಹೊಳೆಯುವ ಕಣ ಒಂದೇ ಒಂದು ಕಂಡರೂ ಆ ಚಿಟ್ಟೆಯ ಮೊಟ್ಟೆಗಳೆಲ್ಲ ಬೆಂಕಿಗೆ. ಜಡೆಯಿಂದ ಒಂದು ಕೂದಲು ಸ್ಲೈಡಿಗೆ ಉದುರಿದರೂ ಕೆಲಸ ಕೆಟ್ಟಿತು. ಆದ್ದರಿಂದ ಮುನಿರಾಮಯ್ಯನವರ ಕಟ್ಟಪ್ಪಣೆ: ಪರೀಕ್ಷೆಗೆ ಕೂರುವ ಹೆಂಗಸರು ತುರುಬು ಕಟ್ಟಬೇಕು.

ಮನೆಯಲ್ಲಿ ಅಮ್ಮ ಪಾಪಮ್ಮನದು ಇನ್ನೊಂದು ಅಪ್ಪಣೆ. "ಮದುವೆಯಿಲ್ಲದ ಹುಡುಗಿ ತುರುಬು ಕಟ್ಕೊಂಡು ಊರಲ್ಲಿ ಓಡಾಡಿದ್ರೆ ಯಾವ ಗಂಡು ಬತ್ತಾನೆ?" ಹೀಗೆ ಮನೆಯಿಂದ ಜಡೆ, ಆಫೀಸಿನಲ್ಲಿ ತುರುಬು, ಸಂಜೆ ಬಸ್ಸಿಗೆ ಮತ್ತೆ ಜಡೆ.

ತಲೆ ತುಂಬ ಕೂದಲಿದ್ದವಳಿಗೆ ಇದು ಒಂದು ನಿಮಿಷದ ಕೆಲಸ. ಗಂಗಲಕ್ಷ್ಮಮ್ಮನಿಗೆ ಟೈಫಾಯ್ಡ್ ಬಂದು ಕೂದಲೆಲ್ಲ ಹಿಡಿಹಿಡಿಯಾಗಿ ಉದುರಿತ್ತು. ಮರಳಿ ಬಂದದ್ದು ಇಲಿಯ ಬಾಲದಷ್ಟು. ಉದುರಿದ್ದನ್ನೆಲ್ಲ ಅಮ್ಮ ಬಟ್ಟೆಯಲ್ಲಿ ಕಟ್ಟಿಟ್ಟು, ಹೊಸಕೋಟೆ ಸಂತೆಯಲ್ಲಿ ಕೂದಲು ಹೊಸೆಯುವವಳಿಗೆ ಕೊಟ್ಟು ಚೌರಿ ಮಾಡಿಸಿದ್ದಳು. ಆ ಚೌರಿಯೇ ಜಡೆ, ಆ ಚೌರಿಯೇ ತುರುಬು. ಬುಡದಲ್ಲಿದ್ದ ನಾಲ್ಕು ಎಳೆ ಅದರ ಭಾರವನ್ನು ಹಗಲೆಲ್ಲ ಹೊರಬೇಕು. ಮಧ್ಯಾಹ್ನದ ಹೊತ್ತಿಗೆ ನೆತ್ತಿ ಉರಿಯುತ್ತಿತ್ತು. ಚಿಟ್ಟೆ ರೆಕ್ಕೆಯ ಪುಡಿ ಅದಕ್ಕೆ ಮೆತ್ತಿಕೊಳ್ಳುತ್ತಿತ್ತು. ರೋಗ ತಡೆಯಲು ಸಿಂಪಡಿಸುವ ಫಾರ್ಮಲಿನ್ ವಾಸನೆ ಎಷ್ಟು ಸೀಗೆಕಾಯಿಗೂ ಬಿಡುತ್ತಿರಲಿಲ್ಲ.

ಹೆಣ್ಣು ನೋಡಲು ಹಿಂದೆ ಬಂದವರಲ್ಲಿ ಪ್ರತಿ ಸಲವೂ ಒಬ್ಬ ಹಿರಿಯ ಹೆಂಗಸು ಇದ್ದೇ ಇದ್ದಳು. ತಲೆ ಸವರುವ ನೆಪದಲ್ಲಿ ಜಡೆಯನ್ನು ಬುಡದವರೆಗೂ ಹಿಂಡಿ ನೋಡುವುದು ಶಾಸ್ತ್ರದಷ್ಟೇ ಗಟ್ಟಿ ಪದ್ಧತಿ. ಹಿಂಡಿದ ಕೈ ಗಕ್ಕನೆ ನಿಲ್ಲುತ್ತಿತ್ತು. "ಊರಿಗೆ ಹೋಗಿ ಹೇಳಿ ಕಳಿಸ್ತೀವಿ," ಎಂದು ಎದ್ದು ಹೋದವರು ಹೇಳಿ ಕಳಿಸುತ್ತಿರಲಿಲ್ಲ.

*

ಗೋಪಾಲಪ್ಪ ಬುಟ್ಟಿ ಇಳಿಸಿದ ಮೇಲೂ ಉಳಿಯತೊಡಗಿದ.

"ನೀವು ಎರಡೂ ಕಣ್ಣು ಬಿಟ್ಕೊಂಡೇ ನೋಡ್ತೀರಲ್ಲ. ನಾನು ಒಂದು ಮುಚ್ಕೋತೀನಿ."

"ಮುಚ್ಕೊಂಡ್ರೆ ಕಣ್ಣು ಬೇಗ ಸೋಲುತ್ತೆ. ಎರಡೂ ಬಿಟ್ಟಿರ್ಬೇಕು."

"ಒಂದು ಕಣ್ಣು ಸ್ಲೈಡ್ ನೋಡುತ್ತೆ. ಇನ್ನೊಂದು?"

"ಕೆಲಸ ಇಲ್ದೆ ನಿಂತಿರೋರು ಯಾರು ಅಂತ ನೋಡುತ್ತೆ."

ಅವನು ನಕ್ಕ. ನಗುವಾಗ ಕೆಳತುಟಿಯನ್ನು ಹಲ್ಲಿನಿಂದ ಹಿಡಿಯುವುದು ಅವನ ಅಭ್ಯಾಸ. ಅವಳ ಆ ಇನ್ನೊಂದು ಕಣ್ಣು ಅದನ್ನೂ ಕಂಡಿತು. ಸ್ಲೈಡಿನಲ್ಲಿ ಎಲ್ಲಿಯವರೆಗೆ ನೋಡಿದ್ದೆನೆಂದು ಮರೆತು, ಮತ್ತೆ ಮೊದಲ ಅಂಚಿನಿಂದ ಆರಂಭಿಸಿದಳು.

ಅವನ ಊರು ತೂಬಗೆರೆ. ತಾಯಿ ಹೋದ ಮೇಲೆ ಸಾಕಿದವಳು ಅಕ್ಕ, ಅಕ್ಕಯಮ್ಮ. ತಮ್ಮ ಓದಿ ನೌಕರಿ ಹಿಡಿಯುವವರೆಗೂ ಕೂಲಿನಾಲಿ ಮಾಡಿದವಳು. "ಅಕ್ಕ ಗೆರೆ ಎಳೆದ್ರೆ ನಾನು ದಾಟಲ್ಲ," ಎಂದು ಅವನು ಹೆಮ್ಮೆಯಿಂದ ಹೇಳಿದ ದಿನ ಗಂಗಲಕ್ಷ್ಮಮ್ಮನಿಗೆ ನೆತ್ತಿಯ ಉರಿ ಸ್ವಲ್ಪ ಹೆಚ್ಚಾಯಿತು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಿದ್ದರು. ಅವಳು ಕೊನೆಯ ಸ್ಲೈಡು ಒರೆಸುತ್ತಿದ್ದಳು.

"ತುರುಬಿನ ಮೇಲೆ ರೆಕ್ಕೆ ಪುಡಿ ಬಿದ್ದಿದೆ," ಎಂದು ಗೋಪಾಲಪ್ಪ ಕೈ ಚಾಚಿದ.

ಅವಳು ಹೌಹಾರಿ ಹಿಂದಕ್ಕೆ ಸರಿದಳು. ಸ್ಟೂಲು ಉರುಳಿತು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅವನ ಮುಖ ಸಣ್ಣಗಾಯಿತು.

"ತಪ್ಪಾಯ್ತು ಗಂಗಲಕ್ಷ್ಮಮ್ಮನೋರೇ. ನಾನು ಬೇರೆ ಏನೋ ಅಂದ್ಕೊಂಡ್ಬಿಟ್ಟಿದ್ದೆ. ನಮ್ಮಕ್ಕನ್ನ ನಿಮ್ಮನೆಗೆ ಕರ್ಕೊಂಡು ಬರೋಣ ಅಂತಿದ್ದೆ. ಇಷ್ಟ ಇಲ್ಲ ಅಂದ್ರೆ ಬೇಡ ಬಿಡಿ."

ಸ್ಟೂಲನ್ನು ಎತ್ತಿ ನಿಲ್ಲಿಸಲೂ ಅವಳಿಗೆ ಆಗಲಿಲ್ಲ. ಇವನೂ ಹೋಗುತ್ತಾನೆ. ಅಕ್ಕನ ಕೈ ತಗುಲಿದ ಮೇಲೆ ಹೋಗುವ ಬದಲು ಈಗಲೇ ಹೋಗಲಿ.

"ಇಷ್ಟ ಇಲ್ಲ ಅಂತಲ್ಲ," ಎಂದಳು. ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಗಂಟು ಬಿಚ್ಚಿ, ಚೌರಿಯನ್ನು ಮೈಕ್ರೋಸ್ಕೋಪಿನ ಪಕ್ಕದಲ್ಲಿ ಇಟ್ಟಳು. "ಹಿಂದೆ ಸರಿದಿದ್ದು ಇದಕ್ಕೆ."

ಕಿವಿಯ ಹಿಂದೆ ಉಳಿದ ಕೂದಲು ಹೆಗಲನ್ನೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಕಿಟಕಿಯ ಬೆಳಕು ನೇರ ಅವಳ ನೆತ್ತಿಯ ಮೇಲಿತ್ತು. ಮುಖ ತಿರುಗಿಸದೆ ನಿಂತಳು. ಅವನು ಚೌರಿಯನ್ನು ನೋಡಿದ, ಅವಳನ್ನು ನೋಡಿದ.

"ನಂಗೇನೂ ಅಡ್ಡಿಯಿಲ್ಲ," ಎಂದ ಕೊನೆಗೆ. "ದೇವರಾಣೆಗೂ ನಂಗೇನೂ ಇಲ್ಲ."

ಅವಳ ಎದೆಯಲ್ಲಿ ಏನೋ ಸಡಿಲವಾಗುತ್ತಿದ್ದಂತೆ ಅವನು ಮುಂದುವರಿಸಿದ: "ಅಕ್ಕನಿಗೆ ಮಾತ್ರ ಗೊತ್ತಾಗ್ಬಾರ್ದು. ನಿಮ್ಮ ಜಡೆ ಬಗ್ಗೆ ಆಗ್ಲೇ ಹೇಳ್ಬಿಟ್ಟಿದ್ದೀನಿ. ಅವತ್ತೊಂದು ದಿನ ಗಟ್ಟಿಯಾಗಿ ಕಟ್ಕೊಂಡ್ಬಿಡಿ. ಮದುವೆ ಆದ್ಮೇಲೆ ಹೇಗೋ ನೋಡ್ಕೊಳ್ಳೋಣ."

"ಏನು ನೋಡ್ಕೊಳ್ಳೋದು?" ಅವಳ ದನಿ ಏರಲಿಲ್ಲ. ಏರಿಸುವಷ್ಟು ತ್ರಾಣವಿರಲಿಲ್ಲ. "ಆಫೀಸಿಗೊಂದು ತುರುಬು ಕಟ್ತೀನಿ. ಅಮ್ಮನಿಗೊಂದು ಜಡೆ ಹಾಕ್ತೀನಿ. ಇನ್ನು ನಿಮ್ಮಕ್ಕನಿಗೂ ಒಂದು ಶುರು ಮಾಡ್ಲಾ? ನಂಗೆ ಸುಸ್ತಾಗಿದೆ ಗೋಪಾಲಪ್ಪನೋರೇ. ಬರೋದಾದ್ರೆ ಬನ್ನಿ. ನಾನು ಇದನ್ನ ಕಟ್ಕೊಂಡು ಕೂತ್ಕೊಳ್ಳಲ್ಲ."

"ಅಕ್ಕ ಬೇಡ ಅಂದ್ಬಿಟ್ರೆ?"

"ನೀವೇನಂತೀರಿ?"

ಅವನು ಟೋಪಿ ಎತ್ತಿಕೊಂಡು ಹೊರಟುಹೋದ. ಆಮೇಲೆ ಎಷ್ಟೋ ದಿನ ಬುಟ್ಟಿಗಳು ಗಾಡಿಯಲ್ಲಿ ತಾವೇ ಬಂದವು, ಇನ್ಸ್‌ಪೆಕ್ಟರು ಬರಲಿಲ್ಲ. ಅವಳು ಎರಡೂ ಕಣ್ಣು ಬಿಟ್ಟುಕೊಂಡೇ ಸ್ಲೈಡು ನೋಡಿದಳು. ಇನ್ನೊಂದು ಕಣ್ಣಿಗೆ ಸುಣ್ಣದ ಗೋಡೆ ಕಾಣುತ್ತಿತ್ತು.

ಆಸೆ ಬಿಟ್ಟ ಮೇಲೆ ಗಾಡಿಯವನು ಒಂದು ಮಾತು ತಂದ: "ಭಾನುವಾರ ಇನ್ಸ್‌ಪೆಕ್ಟರು, ಅವರಕ್ಕ ನಿಮ್ಮನೆಗೆ ಬತ್ತಾರಂತೆ."

*

ಭಾನುವಾರ ಅಮ್ಮ ಚೌರಿ ಹಿಡಿದುಕೊಂಡು ಹಿಂದೆಯೇ ಸುತ್ತಿದಳು.

"ನಿನ್ ಕೂದಲೇ ಕಣೇ ಇದು! ನಿನ್ ತಲೇಲಿ ಹುಟ್ಟಿದ್ದು. ಸುಳ್ಳು ಹೆಂಗಾಗುತ್ತೆ?"

"ನಂದೇ ಅಮ್ಮ. ಆದ್ರೆ ಉದುರಿದ್ದು."

"ಇಂಥ ಗಂಡು ಇನ್ನು ಸಿಕ್ಕಲ್ಲ. ಇವತ್ತೊಂದು ದಿನ."

"ಎಲ್ಲರೂ ಇವತ್ತೊಂದು ದಿನ ಅಂತಾನೇ ಅಂತೀರಿ," ಎಂದು ಅವಳು ತನ್ನ ಇದ್ದಷ್ಟು ಕೂದಲನ್ನು ಹೆಣೆದು, ತುದಿಗೆ ಕಪ್ಪು ದಾರ ಕಟ್ಟಿ, ಚಾಪೆಯ ಮೇಲೆ ಹೋಗಿ ಕುಳಿತಳು. ಪಾಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬೆಲ್ಲದ ಕಾಫಿಗೆ ನೀರಿಟ್ಟಳು.

ಅಕ್ಕಯಮ್ಮ ಎತ್ತರದ ಹೆಂಗಸು. ಬಿಸಿಲಲ್ಲಿ ಒಣಗಿದ ಮುಖ. ಗೋಪಾಲಪ್ಪ ಅವಳ ಹಿಂದೆ ಬಂದು ಕಂಬದ ಪಕ್ಕ ಕುಳಿತ. ಗಂಗಲಕ್ಷ್ಮಮ್ಮ ಅವನತ್ತ ನೋಡಲಿಲ್ಲ. ಅವನ ಪಾದಗಳು ಕಂಡವು. ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು. ಊರು, ಕುಲ, ಕೆರೆ, ಮಳೆ ಎಲ್ಲ ಮಾತಾಯಿತು. ಆಮೇಲೆ ಅಕ್ಕಯಮ್ಮ ಎದ್ದು ಬಂದು ಅವಳ ಬೆನ್ನ ಹಿಂದೆ ಕುಳಿತಳು.

ಕೈ ಜಡೆಯನ್ನು ಹಿಡಿಯಿತು. ಹಿಡಿಯಲು ಹೆಚ್ಚೇನೂ ಇರಲಿಲ್ಲ.

"ಇಷ್ಟೇನಾ?"

"ಇಷ್ಟೇ ಅಕ್ಕ. ಜ್ವರ ಬಂದು ಉದುರ್ತು."

"ಸೊಂಟದ ಕೆಳಗೆ ಬತ್ತದೆ ಅಂದಿದ್ನಲ್ಲ ನಮ್ ಗೋಪಾಲ?"

ಅಡಿಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಕಂಬದ ಪಕ್ಕ ಪಾದಗಳು ಎದ್ದು ನಿಂತವು.

"ಅಕ್ಕಾ, ಅದು ಚೌರಿ. ನಂಗೆ ಗೊತ್ತಿತ್ತು." ಗೋಪಾಲಪ್ಪ ಒಂದು ಹೆಜ್ಜೆ ಮುಂದೆ ಬಂದ. "ನಿಂಗೆ ಗೊತ್ತಾಗ್ದಂಗೆ ಕಟ್ಕೊಳ್ಳಿ ಅಂತ ನಾನೇ ಹೇಳಿದ್ದು. ಇವರು ಒಪ್ಲಿಲ್ಲ. ನೀನು ಬೇಡ ಅಂದ್ರೆ... ನೀನು ಬೇಡ ಅಂದ್ರೂ ನಾನು ಬೇರೆ ಎಲ್ಲೂ ಹೆಣ್ಣು ನೋಡಕ್ಕೆ ಬರಲ್ಲ ಅಕ್ಕಾ."

ಗಂಗಲಕ್ಷ್ಮಮ್ಮ ಆಗ ಅವನನ್ನು ನೋಡಿದಳು. ಅವನ ಕಿವಿ ಬುಡದವರೆಗೂ ಕೆಂಪಾಗಿತ್ತು.

"ನನ್ ಕೈತುತ್ತು ತಿಂದೋನು ನನ್ ಕಣ್ಣಿಗೇ ಮಣ್ಣೆರಚಕ್ಕೆ ಹೊರಟಿದ್ಯಾ?" ಅಕ್ಕಯಮ್ಮನ ದನಿ ಗದರಿತು. "ಕೂತ್ಕೋ ತೆಪ್ಪಗೆ!" ಅವನು ಕುಳಿತ. "ನೀನ್ಯಾಕವ್ವಾ ಅವನ ಮಾತು ಕೇಳ್ಲಿಲ್ಲ?"

"ಕೇಳಿದ್ರೆ ಇವತ್ತು ನೀವು ಒಪ್ಕೋತಿದ್ರಿ. ನಾಳೆಯಿಂದ ನಿಮ್ಮನೇಲೂ ಕೋಳಿ ಕೂಗೋಕೆ ಮುಂಚೆ ಎದ್ದು, ಕದ ಹಾಕ್ಕೊಂಡು ಕಟ್ಬೇಕಾಗಿತ್ತು." ಅವಳು ಉಸಿರು ಬಿಟ್ಟಳು. "ನನ್ ಕೈಲಿ ಆಗಲ್ಲ ಅಕ್ಕ."

ಬೆನ್ನ ಹಿಂದೆ ಕೈ ಜಡೆಯನ್ನು ಬಿಟ್ಟಿತು. ಈಗ 'ಊರಿಗೆ ಹೋಗಿ ಹೇಳಿ ಕಳಿಸ್ತೀವಿ' ಎಂಬ ಮಾತು ಬರುತ್ತದೆಂದು ಅವಳು ಕಾದಳು. ಅಚ್ಚರಿಯೆಂದರೆ, ಅದಕ್ಕೆ ಹೆದರಿಕೆಯಾಗಲಿಲ್ಲ.

"ಪಾಪಮ್ಮಾ," ಎಂದು ಅಕ್ಕಯಮ್ಮ ಕೂಗಿದಳು, "ಒಂದಿಷ್ಟು ಹರಳೆಣ್ಣೆ ತತ್ತೀರಾ? ಬಾಚಣಿಗೆನೂ. ನೆತ್ತಿ ನೋಡಿ ಹೆಂಗೆ ಕೆಂಪಗೈತೆ, ಆ ಗಂಟು ಎಳೆದೂ ಎಳೆದೂ."

ಬಿಚ್ಚಿದ ಕೂದಲಿನ ನಡುವೆ ಎಣ್ಣೆಯ ಬೆರಳು ಇಳಿಯಿತು. ಕೂಲಿ ಮಾಡಿದ ಒರಟು ಬೆರಳು. ಆದರೆ ಎಲ್ಲಿ ನೋವಿದೆಯೋ ಅಲ್ಲಿ ತಾನೇ ಹಗುರವಾಗುತ್ತಿತ್ತು. "ಅವನು ಹೆದರುಪುಕ್ಕ ಕಣವ್ವಾ, ಚಿಕ್ಕೋನಿದ್ದಾಗಿಂದ್ಲೂ. ನಂಗೆ ಎದುರು ಮಾತಾಡಿದ್ದು ಇವತ್ತೇ ಮೊದಲು. ನನ್ ಮುಂದೆ ನಿಜ ಹೇಳೋರು ಮನೇಲಿ ಒಬ್ರಾದ್ರೂ ಇರ್ಲಿ."

ಅಕ್ಕಯಮ್ಮ ಬಾಚಿ ಮತ್ತೆ ಜಡೆ ಹೆಣೆದು, ಮಡಿಲಿನಿಂದ ಬಾಳೆಲೆಯ ಪೊಟ್ಟಣ ತೆಗೆದಳು. ಒಪ್ಪಿದರೆ ಮುಡಿಸಲೆಂದು ತಂದ ಮಲ್ಲಿಗೆ, ದಟ್ಟವಾಗಿ ಕಟ್ಟಿದ ಇಡೀ ಮೊಳ. ಜಡೆಯ ಮೇಲೆ ಇಟ್ಟು ನೋಡಿದಳು. ಭಾರಕ್ಕೆ ಜಡೆ ಜಗ್ಗಿತು. ನಾರನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿ, ಗೇಣಿಗಿಂತ ಕಡಿಮೆಯದನ್ನು ಮುಡಿಸಿದಳು. ಉಳಿದದ್ದನ್ನು ಪಾಪಮ್ಮನ ಕೈಗೆ ಕೊಟ್ಟಳು. "ದೇವರಿಗೆ ಹಾಕಿ. ಈ ತಲೆಗೆ ಇಷ್ಟು ಸಾಕು."

ಗೋಪಾಲಪ್ಪ ಕೆಳತುಟಿಯನ್ನು ಹಲ್ಲಿನಿಂದ ಹಿಡಿದದ್ದು ಗಂಗಲಕ್ಷ್ಮಮ್ಮನಿಗೆ ಕಂಡಿತು. ಅವನಿಗೆ ಏನಾದರೂ ಹೇಳಬೇಕೆನಿಸಿತು, ಒಂದು ಕೊಂಕು, ಒಂದು ಕೀಟಲೆ. ಆದರೆ ಬೆರಳುಗಳು ಇನ್ನೂ ನೆತ್ತಿಯನ್ನು ಸವರುತ್ತಿದ್ದವು. ಮಾತು ಗಂಟಲಿಗೆ ಬರುವ ಮೊದಲೇ ರೆಪ್ಪೆ ಇಳಿಯಿತು. ತಲೆ ಮೆಲ್ಲಗೆ ಹಿಂದಕ್ಕೆ ವಾಲಿ ಅಕ್ಕಯಮ್ಮನ ಮೊಣಕಾಲಿಗೆ ಒರಗಿತು.

"ಅಕ್ಕಾ, ಹಾಗಾದ್ರೆ ಲಗ್ನ ಯಾವಾಗ—"

"ಶ್!" ಅಕ್ಕಯಮ್ಮ ತಮ್ಮನಿಗೆ ಕಣ್ಣು ಬಿಟ್ಟಳು. "ಮೆಲ್ಲಗೆ ಮಾತಾಡೋ. ಮಗು ನಿದ್ದೆ ಮಾಡ್ತೈತೆ."