ನರಸಕ್ಕನ ಹಿತ್ತಲಿನ ಹಣ್ಣು

ದೊನ್ನೆಯ ಮೇಲೆ ಮುಚ್ಚಿದ್ದ ಎಲೆ ಸರಿಸಿದ ಓಬಳಮ್ಮನ ಕೈ ಅಲ್ಲೇ ನಿಂತುಬಿಟ್ಟಿತು.

ಕಪ್ಪಿಗೆ ತಿರುಗುತ್ತಿದ್ದ ಕೆಂಪು ಹಣ್ಣುಗಳು. ಒಂದೊಂದೂ ಸಣ್ಣ ಮಣಿಗಳನ್ನು ಒತ್ತೊತ್ತಾಗಿ ಪೋಣಿಸಿದಂತೆ, ಮೇಲೆ ತೆಳ್ಳಗೆ ಬೂದಿ ಸವರಿದಂತೆ. ರಾಯದುರ್ಗದ ಈ ಬಿಸಿಲಿನಲ್ಲಿ ಈ ಹಣ್ಣು ಎಲ್ಲಿಂದ ಬರಬೇಕು?

"ತಿನ್ರಿ, ಹುಳಿ ಇಲ್ಲ. ನಮ್ಮ ಹಿತ್ತಲದಾಗ ಬೆಳದದ್ದು. ಬಾಣಂತಿಗೆ ಆಗೂದಿಲ್ಲ, ನೀವರ ತಿನ್ರಿ," ಎಂದಳು ದೊನ್ನೆ ತಂದಾಕೆ. ಎದುರುಮನೆಯ ನರಸಕ್ಕ. ಓಬಳಮ್ಮನದೇ ವಯಸ್ಸು. ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಓಬಳಮ್ಮ ಮಡಕಶಿರದಿಂದ ಬಂದು ಎರಡು ದಿನವಾಗಿತ್ತು. ಸೋದರತ್ತೆ ರಂಗಕ್ಕನ ಮಗಳಿಗೆ ಹೆರಿಗೆಯಾಗಿತ್ತು. ಕೈಗೆ ಆಸರೆಯಾಗಲೆಂದು ಅಪ್ಪ ಚಿಕ್ಕತಿಮ್ಮಯ್ಯ ಮಗಳನ್ನು ಬಸ್ಸು ಹತ್ತಿಸಿದ್ದ. ಬಂದಾಗಿನಿಂದ ಅತ್ತೆ ಅವಳನ್ನು ಬೀದಿಬಾಗಿಲಿಗೇ ಬಿಟ್ಟಿರಲಿಲ್ಲ. ಯಾಕೆಂದು ಅವಳಿಗೆ ಹೊಳೆದಿರಲಿಲ್ಲ.

ಒಂದು ಹಣ್ಣನ್ನು ಬಾಯಿಗಿಟ್ಟಳು. ನಾಲಿಗೆಯ ಮೇಲೆ ಅದು ಒಡೆದಾಗ ಅವಳಿಗೆ ತನ್ನ ಹಿತ್ತಲು ನೆನಪಾಯಿತು.

ಆ ಗಿಡ ಅವಳ ತಾಯಿ ನಂದಿಬೆಟ್ಟಕ್ಕೆ ಹೋದಾಗ ತಂದದ್ದು. ಅಲ್ಲಿನ ದೊರೆಗಳ ಬಂಗಲೆಯ ಅಡುಗೆಯವನು ಅದಕ್ಕೆ ರಾಸ್‌ಬೆರಿ ಎಂದಿದ್ದನಂತೆ. ಮನೆಯವರ ಬಾಯಲ್ಲಿ ಅದು ಬೆಟ್ಟದ ಹಣ್ಣು. ತಾಯಿ ತೀರಿಕೊಂಡ ಮೇಲೆ ಓಬಳಮ್ಮ ಅದನ್ನು ಮಗುವಿನಂತೆ ಸಾಕಿದಳು. ಬಚ್ಚಲ ನೀರು ಹರಿಯುವ ಕಡೆ, ಬೇವಿನ ನೆರಳಿನಲ್ಲಿ, ಮುಳ್ಳಿನ ಕೊಂಬೆಗಳು ಬಿಲ್ಲಿನಂತೆ ಬಾಗಿ ಬೆಳೆದಿದ್ದವು.

ಅದರ ಮುಂದೆ ಅವನನ್ನು ಅವಳು ಮೊದಲು ನೋಡಿದ್ದು. ಸಣ್ಣತಿಮ್ಮಪ್ಪ. ರಾಯದುರ್ಗದ ಮಗ್ಗಗಳಿಗೆ ರೇಷ್ಮೆ ನೂಲು ಕೊಳ್ಳಲು ಮಡಕಶಿರದ ಕಡೆ ಬರುತ್ತಿದ್ದವನು. ಅಪ್ಪ ಹೊಲದಿಂದ ಬರಲೆಂದು ಕಾಯುತ್ತಾ ಹಿತ್ತಲಿಗೆ ಕೈಕಾಲು ತೊಳೆಯಲು ಹೋದವನ ಅಂಗಿತೋಳು ಮುಳ್ಳಿಗೆ ಸಿಕ್ಕಿಕೊಂಡಿತ್ತು.

"ನಿಮ್ಮ ಗಿಡ ನನ್ನ ಬಿಡವಲ್ದು ನೋಡ್ರಿ," ಎಂದ.

"ಕದಿಯೋಕೆ ಬಂದೋರ್ನ ಅದು ಬಿಡಾಕಿಲ್ಲ."

"ಇನ್ನೂ ಏನೂ ಕದ್ದಿಲ್ರಿ," ಎಂದು ಅವಳ ಮುಖವನ್ನೇ ನೋಡಿದ. ಓಬಳಮ್ಮ ತಲೆ ತಗ್ಗಿಸಿ ಮುಳ್ಳು ಬಿಡಿಸಿದಳು. ಬೆರಳು ಅವನ ತೋಳಿಗೆ ತಾಕದ ಹಾಗೆ ಎಷ್ಟು ಎಚ್ಚರವಾಗಿದ್ದರೂ ಒಮ್ಮೆ ತಾಕಿತು.

ಆಮೇಲೆ ನೂಲು ಬೇಕಿರಲಿ ಬಿಡಲಿ, ಅವನು ಬರತೊಡಗಿದ. ಹಣ್ಣನ್ನು ಕೀಳಬಾರದು, ಕೈ ಇಟ್ಟು ತುಸುವೇ ತಿರುವಬೇಕು ಎಂದು ಅವಳು ಕಲಿಸಿದಳು. ಮಾಗಿದ್ದರೆ ತಾನಾಗಿಯೇ ಟೊಪ್ಪಿಗೆಯ ಹಾಗೆ ಕಳಚಿ ಬರುತ್ತದೆ, ಅದರ ಬೆಳ್ಳನೆಯ ದಿಂಡು ಗಿಡದಲ್ಲೇ ಉಳಿಯುತ್ತದೆ. ಹಾಲಿನ ಕೆನೆಗೆ ಬೆಲ್ಲದ ಪುಡಿ ಉದುರಿಸಿ, ಹಣ್ಣು ಕಲಸಿ ಬಟ್ಟಲಲ್ಲಿ ಕೊಟ್ಟಳು. ತಿಂದು ಅವನ ತುಟಿ ಕೆಂಪಾಯಿತು.

"ನಗಬ್ಯಾಡ. ನಿನ್ನ ತುಟಿನೂ ಹಂಗ ಐತಿ," ಎಂದ. 'ರಿ' ಬಿಟ್ಟು ಅವನು ಮಾತಾಡಿದ್ದು ಅದೇ ಮೊದಲು.

ಸಂಬಂಧಕ್ಕೆ ಎರಡೂ ಕಡೆಯವರು ಒಪ್ಪಿದರು. ಒಂದೇ ಕುಲ, ಬೇರೆ ಬೆಡಗು. ಇನ್ನು ಅವರ ಮನೆದೇವರ ಹೂ ಕೇಳುವುದೊಂದೇ ಬಾಕಿ: ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಬಾಗಿದ ಕೊಂಬೆಯ ತುದಿಯನ್ನು ಮಣ್ಣಿಗೊತ್ತಿ ಬೇರು ಬರಿಸಿದ್ದ ನಾಲ್ಕು ಸಸಿಗಳನ್ನು ಓಬಳಮ್ಮ ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಳು.

"ನಮ್ಮೂರ ಬಿಸಿಲಿಗೆ ಬದುಕ್ತಾವೇನು?"

"ನೆರಳು ನೋಡಿ ನೆಡಿ. ನಾನು ಬರೋ ಹೊತ್ಗೆ ಹಣ್ಣಾಗಿರ್ತವೆ."

"ನೀ ಬಂದು ಕೀಳೂವರೆಗೂ ಒಂದು ಹಣ್ಣೂ ಯಾರ ಬಾಯಿಗೂ ಹೋಗಂಗಿಲ್ಲ," ಎಂದು ಹೋದ.

ತಿಂಗಳು ಕಳೆದು ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ಚಿಕ್ಕತಿಮ್ಮಯ್ಯನ ಎದುರು ನಿಂತು ಹೇಳಿದ: "ದೇವ್ರು ಎಡಕ್ಕ ಕೊಡ್ತು, ಮಾವ. ಮೂರು ಸಲ ಕೇಳಿದ್ವಿ. ಎಡಕ್ಕ." ದೇವರು ಬೇಡವೆಂದ ಮೇಲೆ ಮನುಷ್ಯರಿಗೆ ಏನು ಮಾಡಲು ಬರುತ್ತದೆ? ಅಪ್ಪ ಅವನ ಬೆನ್ನು ತಡವಿ, ಊಟ ಹಾಕಿಸಿ ಕಳಿಸಿದ. ಓಬಳಮ್ಮ ಅವನನ್ನು ಒಂದು ಮಾತೂ ಅನ್ನಲಿಲ್ಲ. ಅವಳ ಸಿಟ್ಟೆಲ್ಲ ದೇವರ ಮೇಲೆ. ಅಂದಿನಿಂದ ಅವಳು ಗುಡಿಯ ಮೆಟ್ಟಿಲು ತುಳಿದಿರಲಿಲ್ಲ, ಹಬ್ಬದ ದಿನವೂ ದೀಪ ಹಚ್ಚಿ ಕೈ ಮುಗಿಯದೆ ಎದ್ದುಬಿಡುತ್ತಿದ್ದಳು. ಬಂದ ಎರಡು ಸಂಬಂಧಗಳನ್ನೂ ಬೇಡವೆಂದಿದ್ದಳು.

"ಗಿಡ ನೋಡಬೋದಾ?" ಎಂದು ನರಸಕ್ಕನನ್ನು ಕೇಳಿದಳು ಈಗ.

"ಬರ್ರಿ, ಅದಕ್ಕೇನು."

ಅತ್ತೆ ಬಾಣಂತಿಗೆ ನೀರು ಹಾಕುತ್ತಿದ್ದಳು. ಓಬಳಮ್ಮ ಬೀದಿ ದಾಟಿದಳು. ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗುವಾಗ ಒಳಗೆ ಪಡಸಾಲೆಯಲ್ಲಿ ಮಗ್ಗಗಳು ಸದ್ದು ಮಾಡುತ್ತಿದ್ದವು. ನಾಲ್ಕು ಮಗ್ಗ, ಒಳ್ಳೆಯ ಕಲ್ಲುಕಟ್ಟಡದ ಮನೆ. ನರಸಕ್ಕ ಒಬ್ಬಳೇ ಮಗಳು, ಗಂಡ ಮನೆಅಳಿಯ ಎಂದು ನಡೆಯುತ್ತಲೇ ಹೇಳಿದಳು.

ಬಾವಿಯ ಹಿಂದೆ, ಗೋಡೆಯ ನೆರಳಿನಲ್ಲಿ, ಅವೇ ಗಿಡಗಳು. ನಾಲ್ಕೂ ಬದುಕಿದ್ದವು. ಬಿಸಿಲು ತಾಗದಂತೆ ಯಾರೋ ಮೇಲೆ ಜೋಳದ ದಂಟಿನ ಚಪ್ಪರ ಹಾಕಿದ್ದರು.

ಕೈ ತಾನಾಗಿಯೇ ಮುಂದೆ ಹೋಯಿತು. ಒಂದು ಹಣ್ಣನ್ನು ಹಿಡಿದು ತುಸುವೇ ತಿರುವಿದಳು. ನರಸಕ್ಕ ಅದನ್ನು ನೋಡಿದಳು.

"ನಮ್ಮವರೂ ಹಿಂಗ ತಿರುವತಾರ. ಕೀಳಬಾರದು ಅಂತ ನಂಗ ಎಷ್ಟು ಸಲ ಬೈದಾರ," ಎಂದಳು. ಆಮೇಲೆ ಮೆಲ್ಲಗೆ, "ನಿಮಗ ಯಾರು ಕಲಿಸಿದ್ರು?"

"ನಮ್ಮವ್ವ."

"ನಿಮ್ಮೂರು ಯಾವುದಂದ್ರಿ?"

"ಮಡಕಶಿರ."

ನರಸಕ್ಕನ ಮುಖ ಬದಲಾಯಿತು. "ಅವರಿಗೆ ನನಗಿಂತ ಮೊದ್ಲು ಮಡಕಶಿರದಾಗ ಒಂದು ಹುಡುಗಿ ನೋಡಿದ್ರಂತ. ದೇವ್ರು ಬಲಗಡೆ ಹೂ ಕೊಟ್ಟಿತ್ತಂತ. ಎಲ್ಲಾ ಮುಗದಮ್ಯಾಲೆ ಆ ಹುಡುಗಿ ತಾನಾಗಿ ಬ್ಯಾಡ ಅಂದ್ಲಂತ. ಬಿಸಿಲೂರಿಗೆ ಬರಂಗಿಲ್ಲ ಅಂದ್ಲಂತ."

ಓಬಳಮ್ಮ ಬಾವಿಕಟ್ಟೆ ಹಿಡಿದು ನಿಂತಳು.

"ಬಲಗಡೆನಾ?"

"ಹೌದ್ರಿ. ನಮ್ಮತ್ತಿ ಕಣ್ಣಾರೆ ನೋಡ್ಯಾಳ. ಇವತ್ತಿಗೂ ಆ ಹುಡುಗಿಗೆ ಶಾಪ ಹಾಕ್ತಾಳ."

"ಎಡಕ್ಕೆ ಬಿತ್ತು ಅಂದ ನಮ್ಮಪ್ಪನ್ ತಾವ," ಎಂದಳು ಓಬಳಮ್ಮ. "ಮೂರು ಸಲ ಕೇಳಿದ್ವಿ ಅಂದ. ನಾನು ಬ್ಯಾಡ ಅಂದಿಲ್ಲ ಕಣಕ್ಕ. ನನ್ನ ಯಾರೂ ಕೇಳಿರ್ಲಿಲ್ಲ."

ಇಬ್ಬರ ನಡುವೆ ಮುಳ್ಳಿನ ಕೊಂಬೆಗಳು. ನರಸಕ್ಕನ ಕಣ್ಣು ತುಂಬಿದವು. ಗಂಡ ತನಗಾಗಿಯಲ್ಲ, ನಾಲ್ಕು ಮಗ್ಗಕ್ಕಾಗಿ ಬಂದವನು ಎಂಬುದು ಅವಳಿಗೂ ಅದೇ ಗಳಿಗೆಯಲ್ಲಿ ತಿಳಿದಿತ್ತು.

ಒಳಗೆ ಮಗ್ಗದ ಸದ್ದು ನಿಂತಿತು. ಸಣ್ಣತಿಮ್ಮಪ್ಪ ನೀರು ಕುಡಿಯಲು ಹಿತ್ತಲಿಗೆ ಬಂದವನು ಬಾಗಿಲಲ್ಲೇ ಕಲ್ಲಾದ. ಮೈಕೈ ತುಂಬಿಕೊಂಡಿದ್ದ. ಕಣ್ಣು ಮಾತ್ರ ಅವೇ.

"ಓಬಳಾ," ಎಂದ.

"ಹೂ ಯಾವ ಕಡೆ ಬಿತ್ತು?" ಎಂದು ಕೇಳಿದಳು ಅವಳು.

ಅವನು ಹೆಂಡತಿಯ ಕಡೆ ನೋಡಿದ. ಅಲ್ಲಿ ಆಸರೆ ಸಿಗಲಿಲ್ಲ.

"ಬಲಕ್ಕ," ಎಂದ ಕೊನೆಗೆ. "ಆ ವಾರನ ಇವರಪ್ಪ ಕರದು ಮಗಳನ್ನೂ ಮಗ್ಗನೂ ಕೊಡ್ತೀನಿ ಅಂದ. ಹುಟ್ಟಿದಾಗಿಂದ ಮಂದಿ ಮಗ್ಗದಾಗ ಕುಂತು ನೇಯ್ದಾಂವ ನಾನು. ಆಸೆ ಬಿತ್ತು. ನಿನ್ನ ಮುಂದ ನಿಂತು ಹೇಳೂಕ ಬಾಯಿ ಬರ್ಲಿಲ್ಲ. ಆದ್ರ ಗಿಡ ಮಾತ್ರ ಬಿಟ್ಟಿಲ್ಲ ಓಬಳಾ. ದಿನಾ ನೀರು ಹಾಕೀನಿ. ನಿನ್ನ ಮರ್ತಿದ್ರ ಇವು ಎಂದೋ ಒಣಗತಿದ್ವು."

ಎರಡು ವರ್ಷ ಇಂಥದೊಂದು ಮಾತಿಗಾಗಿ ಅವಳು ಹಾತೊರೆದಿದ್ದಳು. ಅದು ಈಗ ಬಂದು ಕಿವಿಗೆ ಬಿದ್ದಾಗ ಅವಳಿಗೆ ಹೇಸಿಗೆಯಾಯಿತು. ಅದನ್ನು ಕೇಳುತ್ತಾ ಪಕ್ಕದಲ್ಲಿ ನಿಂತಿದ್ದಾಕೆಯ ಮುಖವನ್ನು ಅವಳು ನೋಡಿದ್ದಳು.

"ಗಿಡಕ್ಕೆ ನೀರು ಹಾಕ್ದೆ ಅಂತ ನನ್ ತಾವ ಹೇಳ್ಕಬ್ಯಾಡ," ಎಂದಳು. "ನಿನಗೆ ನಾನು ಬ್ಯಾಡಾಗಿದ್ರೆ ಬಂದು ಹಂಗೇ ಹೇಳಿದ್ರಾಗ್ತಿತ್ತು. ಅತ್ತು ಸುಮ್ಮನಾಗ್ತಿದ್ದೆ. ನೀನು ಅಲ್ಲಿ ದೇವ್ರನ್ನ ಕೆಟ್ಟೋನ್ ಮಾಡ್ದೆ, ಇಲ್ಲಿ ನನ್ನ ಕೆಟ್ಟೋಳ್ ಮಾಡ್ದೆ. ಎರಡೂ ಊರಾಗೆ ನೀನೊಬ್ನೇ ಒಳ್ಳೇನು. ನಾನು ದೇವ್ರಿಗೆ ತಪ್ಪುಕಾಣಿಕೆ ಕಟ್ತೀನಿ, ಅವ್ನು ಒಪ್ಕಂತಾನೆ. ನೀನು ಇವ್ಳಿಗೆ ಏನು ಕಟ್ಟೀಯ?"

ಕೈಯಲ್ಲಿದ್ದ ಹಣ್ಣನ್ನು ಬಾವಿಕಟ್ಟೆಯ ಮೇಲಿಟ್ಟು ಓಬಳಮ್ಮ ಹೊರಟಳು.

ಮನೆಗೆ ಬಂದಾಗ ರಂಗಕ್ಕ ಬಾಗಿಲಲ್ಲೇ ನಿಂತಿದ್ದಳು. ಅಣ್ಣನ ಮಗಳ ಮುಖ ನೋಡಿದ್ದೇ ಎಲ್ಲ ತಿಳಿಯಿತು.

"ಅವನ ಮದುವೆ ಆಗಿದ್ದು ನಿಂಗೆ ಗೊತ್ತಿತ್ತು, ಎದುರುಮನೆ ಅಂತಾನೂ ಗೊತ್ತಿತ್ತು. ಅಲ್ವಾ ಅತ್ತೆ?"

"ನಿನ್ನ ಹೊಟ್ಟಿ ಉರಿಸಬಾರ್ದು ಅಂತ ಮುಚ್ಚಿಟ್ಟೆ, ಮಗಾ. ಹೂವಿನ ಸಂಗತಿ ನಂಗೂ ಗೊತ್ತಿಲ್ಲ," ಎಂದಳು ರಂಗಕ್ಕ. ಆಗ ಓಬಳಮ್ಮ ಅತ್ತೆಯ ಮಡಿಲಲ್ಲಿ ಮುಖವಿಟ್ಟು, ಒಳಗೆ ಮಗು ಎಚ್ಚರವಾಗದ ಹಾಗೆ, ಸೆರಗು ಕಚ್ಚಿಕೊಂಡು ಅತ್ತಳು.

ಮರುದಿನವೇ ಹೊರಟುಬಿಡುತ್ತಾಳೆಂದು ಎಲ್ಲರೂ ಅಂದುಕೊಂಡರು. ಅವಳು ಹೋಗಲಿಲ್ಲ. ಬಂದ ಕೆಲಸ ಮುಗಿಯಬೇಕಿತ್ತು. ಎದುರುಮನೆಯ ಬಾಗಿಲು ತೆರೆದಾಗೆಲ್ಲ ಮೊದಮೊದಲು ಒಳಗೆ ಸರಿಯುತ್ತಿದ್ದಳು. ನಾಲ್ಕಾರು ದಿನ ಕಳೆದ ಮೇಲೆ ಅಂಗಳದಲ್ಲೇ ಕೂತು ಮಗುವಿನ ಬಟ್ಟೆ ಒಗೆಯತೊಡಗಿದಳು. ನರಸಕ್ಕ ಮಧ್ಯಾಹ್ನ ಬಂದು ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಗಂಡನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಒಮ್ಮೆ ಮಾತ್ರ ನರಸಕ್ಕ, "ನಮ್ಮತ್ತಿ ಮುಂದ ಎಲ್ಲಾ ಹೇಳಿಬಿಟ್ಟೆನ್ರಿ. ಇನ್ನ ನಿಮಗ ಶಾಪ ಹಾಕಂಗಿಲ್ಲ," ಎಂದಳು. ಓಬಳಮ್ಮ ಅವಳ ಕೈಯನ್ನು ಹಿಡಿದುಕೊಂಡಳು.

ಬಾಣಂತನ ಮುಗಿದು ಹೊರಟ ದಿನ ಬಸ್ಸು ತಡವಾಗಿತ್ತು. ಕಲ್ಯಾಣದುರ್ಗದ ದಾರಿಯ ಹುಣಿಸೆಮರದ ಕೆಳಗೆ ಸಣ್ಣತಿಮ್ಮಪ್ಪ ಬಂದು ನಿಂತಿದ್ದ. ಹತ್ತಿರ ಬರಲಿಲ್ಲ. ಅತ್ತೆ ಅವಳ ಭುಜ ಹಿಡಿದು ಇತ್ತ ತಿರುಗಿಸಲು ನೋಡಿದಳು.

"ಇರ್ಲಿ ಬಿಡು ಅತ್ತೆ," ಎಂದಳು ಓಬಳಮ್ಮ.

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಅವನನ್ನು ನೇರವಾಗಿ, ಕಣ್ಣು ತುಂಬ ನೋಡಿದಳು. ಒಂದು ಕಾಲಕ್ಕೆ ತಲೆ ತಗ್ಗಿಸದೆ ನೋಡಲಾಗದಿದ್ದ ಮುಖ. ಬಸ್ಸು ಹೊರಟಿತು, ಧೂಳು ಎದ್ದಿತು. ಅವಳು ನೋಡುತ್ತಲೇ ಇದ್ದಳು. ಮುಖ ತಿರುಗಿಸಿಕೊಂಡವನು ಅವನೇ.